ತಡೆದಿಟ್ಟುಕೊಂಡ ಎರಡು ಟಗರು

ಭೀಮಸಿಯ ಹಟ್ಟಿಯ ಕೊನೆಯ ಕುರಿ ಸತ್ತ ದಿನ ಅವನ ಅಣ್ಣ ಜಕ್ಕಪ್ಪ ಹೊಟ್ಟೆ ತುಂಬ ಉಂಡ. ಮೂರು ಜೋಳದ ರೊಟ್ಟಿ, ಮೇಲೆ ಒಂದು ಗಂಗಾಳ ಅಂಬಲಿ. ಮನೆಯಲ್ಲಿ ಉಳಿದವರು ಯಾರೂ ತುತ್ತು ಮುಟ್ಟಿರಲಿಲ್ಲ. ಅವರ ತಾಯಿ ಮಲಕವ್ವ ಗೋಡೆಗೆ ಒರಗಿ ಕೂತು ಹಿರಿಮಗನ ಬಾಯಿಯನ್ನೇ ನೋಡುತ್ತಿದ್ದಳು. ಇಂಥ ಹೊತ್ತಿನಲ್ಲಿ ಉಣ್ಣುವವನಿಗೆ ಕರುಳಿಲ್ಲ ಅನ್ನಬಹುದು. ಜಕ್ಕಪ್ಪನಿಗೆ ಕರುಳಿತ್ತು, ಆದರೆ ಹದಿನೈದು ದಿನಗಳಿಂದ ಅದು ಅವನಿಗೆ ಏನನ್ನೂ ಹೇಳುತ್ತಿರಲಿಲ್ಲ. ಹಸಿವಾದದ್ದೂ ತಿಳಿಯುತ್ತಿರಲಿಲ್ಲ, ಹೊಟ್ಟೆ ತುಂಬಿದ್ದೂ ತಿಳಿಯುತ್ತಿರಲಿಲ್ಲ. ತಮ್ಮನ ಹೆಂಡತಿ ಕೆಂಪವ್ವ ಬಡಿಸಿದಳು, ಇವನು ಉಂಡ. ನಾಲ್ಕನೆಯದು ಬಡಿಸಿದ್ದರೆ ಅದನ್ನೂ ಉಣ್ಣುತ್ತಿದ್ದ.

ಅಥಣಿ ತಾಲೂಕಿನ ಅನಂತಪುರದ ಹೊರಗೆ, ಗುಡ್ಡದ ಬುಡದಲ್ಲಿ ಇವರ ಮನೆ. ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮ ಇಬ್ಬರೂ ಕುರಿ ಹಂಚಿಕೊಂಡಿದ್ದರು. ಜಕ್ಕಪ್ಪನ ಹಟ್ಟಿ ಗುಡ್ಡದ ಮೇಲೆ, ಭೀಮಸಿಯದು ಕೆಳಗೆ ಹಳ್ಳದ ದಂಡೆಯಲ್ಲಿ. ಜಕ್ಕಪ್ಪನ ಹೆಂಡತಿ ತೀರಿ ನಾಲ್ಕು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅವನ ಊಟ ತಮ್ಮನ ಮನೆಯಲ್ಲೇ.

ರೋಗ ಮೊದಲು ಬಂದದ್ದು ಜಕ್ಕಪ್ಪನ ಹಟ್ಟಿಗೆ. ತೊಂಬತ್ತೊಂದನೆಯ ಇಸವಿ, ಪುಷ್ಯ ಮಾಸದ ಅವರಾತ್ರಿ ಅಮಾವಾಸ್ಯೆಯ ಹೊತ್ತು. ಕುರಿಗೆ ಮೂಗು ಸುರಿಯುವುದು, ಬಾಯಿ ಹುಣ್ಣಾಗುವುದು, ಐದಾರು ದಿನಕ್ಕೆ ನೆಲ ಹಿಡಿಯುವುದು. ಭೀಮಸಿ ಆಗ ಊರಲ್ಲಿರಲಿಲ್ಲ. ಕಬ್ಬು ಕಡಿದ ಹೊಲಗಳಲ್ಲಿ ಗೊಬ್ಬರಕ್ಕೆ ಕುರಿ ತರುಬಲು ಬೋರಗಾಂವದ ಕಡೆ ಹೋಗಿದ್ದ. ಕುರಿ ಕಾಯುವವನಿಗೆ ಕಷ್ಟ ಬಂದರೆ ಎರಡು ಬಾಗಿಲು. ಒಂದು ದನದ ದವಾಖಾನೆ, ಇನ್ನೊಂದು ಬೀರಪ್ಪನ ಗುಡಿ. ಜಕ್ಕಪ್ಪ ಎರಡನ್ನೂ ತಟ್ಟಿದ. ಎಂದೂ ಒಂದು ಮಾತಿಗೆ ಬರದ ಆ ಇಬ್ಬರೂ ಈ ಸಲ ಒಂದೇ ಮಾತು ಹೇಳಿದರು.

ದವಾಖಾನೆಯಿಂದ ಸೈಕಲ್ ತುಳಿದುಕೊಂಡು ಬಂದವರು ಜ್ಞಾನದೇವ ಕಂಪೌಂಡರು. ಕಿರಿಸ್ತಾಂವರು, ವಯಸ್ಸಾದವರು, ಕುರಿಯ ಬಾಯಿಗೆ ಕೈ ಹಾಕಲು ಅಸಹ್ಯಪಡದವರು. ಹಟ್ಟಿಯೊಳಗೆ ಒಂದು ಸುತ್ತು ಹಾಕಿ ಕೈ ತೊಳೆದುಕೊಂಡು ಹೇಳಿದರು: "ಇಲ್ಲಿಂದ ಒಂದು ಕುರಿನೂ ಹೊರಗ ಹೋಗಬಾರ್ದು. ಚೊಲೋ ಕಾಣತಾವಂತ ಬ್ಯಾರೆ ಹಟ್ಟಿಗೆ ಸೇರಿಸೀ ಗೀರಿಸೀ. ಒಳಗ ರೋಗ ಇರತೈತಿ, ಹೊರಗ ಕಾಣಾಂಗಿಲ್ಲ."

ಅಮಾವಾಸ್ಯೆಯ ದಿನ ಬೀರಪ್ಪನ ಪೂಜಾರಿ ಮುರಗೆಪ್ಪನ ಮೈಮೇಲೆ ದೇವರು ಬಂತು. ಜಕ್ಕಪ್ಪ ಕಂಬಳಿ ಹಾಸಿ ಮುಂದೆ ಕೂತ. ಮುರಗೆಪ್ಪ ಅರಿಸಿನ ಪುಡಿಯ ಭಂಡಾರ ತೂರಿ ಕೂಗಿದ: "ಆ ಹಟ್ಟಿ ಈಗ ನಂದು! ಎರಡು ಅಮಾಸಿ ಕಳಿಯೂತನಾ ಅದರಾಗಿಂದು ಒಂದು ಕೂದಲಾ ಹೊರಗ ಹೋಗಬಾರ್ದು. ಉಳಸಾಂವ ನಾ, ಒಯ್ಯಾಂವ ನಾ!" ಜಕ್ಕಪ್ಪ "ಆಗಲೆಪ್ಪಾ" ಅಂದು ಭಂಡಾರ ಹಣೆಗೆ ಹಚ್ಚಿಕೊಂಡ.

ಅಂದದ್ದೇನೋ ಅಂದ. ಆದರೆ ಅವನ ಹಟ್ಟಿಯಲ್ಲಿ ಎರಡು ಟಗರುಗಳಿದ್ದವು. ಅಪ್ಪ ಇಟ್ಟುಕೊಂಡಿದ್ದ ತಳಿ. ಕೋಡು ಎರಡು ಸುತ್ತು ಸುತ್ತಿ ಕಿವಿಯ ಹತ್ತಿರ ಬಂದಿದ್ದವು. ಹೆಂಡತಿ ಸತ್ತ ವರ್ಷ ಹುಟ್ಟಿದ ಮರಿಗಳು ಅವು. ಆ ವರ್ಷವೆಲ್ಲ ಜಕ್ಕಪ್ಪ ಮನುಷ್ಯರ ಜೊತೆ ಮಾತಾಡಿದ್ದಕ್ಕಿಂತ ಅವುಗಳ ಜೊತೆ ಮಾತಾಡಿದ್ದೇ ಹೆಚ್ಚು. ದೇವರು ಬೇಕಾದರೆ ಹಟ್ಟಿಯನ್ನೆಲ್ಲ ತೆಗೆದುಕೊಳ್ಳಲಿ, ಈ ಎರಡನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅವನ ಗಂಟೇನು ಹೋದೀತು ಅನ್ನಿಸಿತು ಅವನಿಗೆ. ಆಸೆ ಅನ್ನುವುದು ಯಾವಾಗಲೂ ಹೀಗೆ ಕಡಿಮೆ ಕೇಳುವವರ ದನಿಯಲ್ಲೇ ಬರುತ್ತದೆ.

ನಾಲ್ಕು ದಿನಕ್ಕೆ ಭೀಮಸಿ ಕುರಿ ಹೊಡೆದುಕೊಂಡು ಊರಿಗೆ ಬಂದ. ಮರುದಿನ ಮುಂಜಾನೆ ಜಕ್ಕಪ್ಪ ಎರಡೂ ಟಗರುಗಳನ್ನು ಹಗ್ಗ ಹಾಕಿ ಹಳ್ಳಕ್ಕೆ ಇಳಿಸಿದ.

"ರೋಗ ಬರೂಕ್ಕಿಂತ ಮೊದಲಽ ಇವನ್ನ ರಾಯಬಾಗಕ್ಕ ನಮ್ಮ ಮಾವನ ಮನಿಗೆ ಬಿಟ್ಟಿದ್ದೆ," ಅಂದ ತಮ್ಮನಿಗೆ. "ಈಗ ಅಲ್ಲಿ ಮೇವಿಲ್ಲಂತ. ನಿನ್ನ ಹಟ್ಟ್ಯಾಗ ಇರ್ಲಿ."

"ಇರ್ಲಿ ತಗೋ ಅಣ್ಣಾ," ಅಂದ ಭೀಮಸಿ. ಅಣ್ಣ ಕೊಟ್ಟ ಹಗ್ಗ ಹಿಡಿಯುವಾಗ ಯಾವ ತಮ್ಮ ತಾನೇ ಪ್ರಶ್ನೆ ಕೇಳುತ್ತಾನೆ? ಟಗರುಗಳ ಬೆನ್ನು ಸವರಿ ಅವನೇ ಒಳಗೆ ಬಿಟ್ಟುಕೊಂಡ.

ಹತ್ತು ದಿನಕ್ಕೆ ಭೀಮಸಿಯ ಹಟ್ಟಿಯಲ್ಲಿ ರೋಗ ಶುರುವಾಯಿತು. ಮುಂದಿನ ಹದಿನೈದು ದಿನಕ್ಕೆ ಮುಗಿಯಿತು. ಎಂಬತ್ತೆರಡು ಕುರಿಗಳಲ್ಲಿ ಒಂದೂ ಉಳಿಯಲಿಲ್ಲ. ಆ ಎರಡು ಟಗರುಗಳೂ ಹೋದವು. ಮೇಲಿನ ಜಕ್ಕಪ್ಪನ ಹಟ್ಟಿಯಲ್ಲಿ ಮಾತ್ರ ಅರವತ್ತರಲ್ಲಿ ಇಪ್ಪತ್ತಾರು ಕುರಿಗಳು ಎದ್ದು ನಿಂತು ಮೇಯತೊಡಗಿದವು. ಮಾಡಿದ್ದುಣ್ಣೋ ಮಹಾರಾಯ ಅಂತ ಗಾದೆ ಕಟ್ಟಿದವರು, ಅಣ್ಣ ಮಾಡಿದ್ದನ್ನು ತಮ್ಮ ಉಣ್ಣುವುದನ್ನು ನೋಡಿರಲಿಲ್ಲ ಅಂತ ಕಾಣುತ್ತದೆ. ಅಣ್ಣತಮ್ಮ ಇಬ್ಬರೂ ಸೇರಿ ಹಳ್ಳದ ದಂಡೆಯಲ್ಲಿ ಕುಣಿ ತೋಡಿದರು. ಭೀಮಸಿ ಒಂದೊಂದು ಕುರಿಯನ್ನೂ ಹೆಸರು ಹಿಡಿದು ಕರೆದು ಅಳುತ್ತ ಇಳಿಸಿದ. ಜಕ್ಕಪ್ಪ ಮಣ್ಣೆಳೆದ. ಅವನ ಕಣ್ಣಿಂದ ಒಂದು ಹನಿ ಬರಲಿಲ್ಲ, ಅಂಗೈ ಬೊಬ್ಬೆ ಎದ್ದು ಒಡೆದದ್ದೂ ಗೊತ್ತಾಗಲಿಲ್ಲ.

ಹೀಗೇಕಾಯಿತು ಅನ್ನುವುದಕ್ಕೆ ಮನೆಯಲ್ಲಿ ಉತ್ತರ ಹುಡುಕಿದವಳು ಮಲಕವ್ವ. ಆಕೆಗೆ ದೂರ ಹೋಗಬೇಕಾಗಿರಲಿಲ್ಲ.

ಹಿಂದಿನ ವರ್ಷ ಭೀಮಸಿ ಒಂದು ಮರಿಯನ್ನು ಬೀರಪ್ಪನಿಗೆ ಬಿಟ್ಟಿದ್ದ. ಹರಕೆಯ ಮರಿ ಅಂದರೆ ಕಿವಿ ಸೀಳಿ, ಭಂಡಾರ ಹಚ್ಚಿ, ಹಿಂಡಿನೊಳಗೆ ಬಿಟ್ಟ ಮರಿ. ಅದನ್ನು ಮಾರುವಂತಿಲ್ಲ, ಕೊಯ್ಯುವಂತಿಲ್ಲ, ಬೆಳೆದ ಮೇಲೆ ಗುಡಿಗೇ ಹೋಗಬೇಕು. ಬೋರಗಾಂವದ ರಾವಸಾಹೇಬರ ಹೊಲದಲ್ಲಿ ಕುರಿ ತರುಬಿದ್ದಾಗ ಐದು ವರ್ಷದ ಮಗಳು ತಾರವ್ವನಿಗೆ ಜ್ವರ ನೆತ್ತಿಗೇರಿತು. ಕೂಸನ್ನು ಹೊತ್ತುಕೊಂಡು ಚಿಕ್ಕೋಡಿಯ ದವಾಖಾನೆಗೆ ಹೊರಟ ಭೀಮಸಿ, ದುಡ್ಡಿಗಾಗಿ ಹಿಂಡಿನೊಳಗಿನ ಆ ಮರಿಯನ್ನೇ ಮಾರಿದ. ಆ ಹೊತ್ತಿಗೆ ಕೊಳ್ಳುವವನು ಕೈ ಮಾಡಿ ತೋರಿಸಿದ್ದು ಅದೊಂದನ್ನೇ. ಕೂಸು ಉಳಿಯಿತು. ಭೀಮಸಿ ಇನ್ನೊಂದು ಮರಿಯ ಕಿವಿ ಸೀಳಿ ಬದಲಿಗೆ ಬಿಟ್ಟ.

"ದೇವರ ಕೂಡ ಬದಲಿ ಆಡಿದಿ," ಅಂದಳು ಮಲಕವ್ವ, ಕಿರಿಮಗನಿಗೆ. "ಅಂವಂದು ಮಾರಿ ಮಗಳನ್ನ ಉಳಸ್ಕೊಂಡಿ. ಅಂವ ಒಂದಕ್ಕ ಎಂಬತ್ತು ತಗೊಂಡ."

ಮುದುಕಿಯ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಕಾರಣವಿಲ್ಲದ ದುಃಖಕ್ಕಿಂತ ಕಾರಣವಿದ್ದ ದುಃಖ ಹೊರಲು ಹಗುರ, ಅಷ್ಟೇ. ಆದರೆ ಮಾತು ಮನೆಯಿಂದ ಓಣಿಗೆ ಹೋಯಿತು, ಓಣಿಯಿಂದ ಬಾವಿಗೆ ಹೋಯಿತು. ವಾರ ಕಳೆಯುವುದರೊಳಗೆ ತಾರವ್ವನಿಗೆ 'ಹಟ್ಟಿ ನುಂಗಿದ ಕೂಸು' ಅಂತ ಹೆಸರು ಬಿತ್ತು. ಅದನ್ನು ಹೊಗಳಿಕೆ ಅಂದುಕೊಂಡ ಕೂಸು ತಾನೇ ಬಂದು ದೊಡ್ಡಪ್ಪನಿಗೆ ಹೇಳಿತು: "ದೊಡ್ಡಪ್ಪಾ, ನಾ ಹಟ್ಟಿ ನುಂಗೀನಂತ!"

ಮೊದಲು ಮಗಳನ್ನು ಹೆಗಲಿನಿಂದ ಇಳಿಸದ ಭೀಮಸಿ ಈಗ ಅವಳ ಕಡೆ ನೋಡುವುದನ್ನೇ ಬಿಟ್ಟ. ಅವಳು ಬಂದು ತೊಡೆಯ ಮೇಲೆ ಕೂತರೆ ಎದ್ದು ಹೊರಗೆ ಹೋಗುತ್ತಿದ್ದ. "ಆಕಿ ಮುಖಾ ನೋಡಿದ್ರ ಕುಣಿ ಕಾಣತೈತಿ ಅಣ್ಣಾ," ಅಂದ ಒಂದು ದಿನ. "ಆಕಿದೇನೂ ತಪ್ಪಿಲ್ಲ, ಗೊತ್ತೈತಿ. ಆದ್ರ ನೋಡಾಕಾಗವಲ್ದು." ಕೊನೆಗೆ ಮನೆಯಲ್ಲಿ ತೀರ್ಮಾನವಾಯಿತು. ಯುಗಾದಿಯ ಹಿಂದಿನ ಅಮಾವಾಸ್ಯೆಗೆ ಭೀಮಸಿ ಬೀರಪ್ಪನ ಗುಡಿಯವರೆಗೆ ದೀಡ ನಮಸ್ಕಾರ ಹಾಕುವುದು. ಅದಾದ ಮೇಲೆ ಕಾಗವಾಡದಿಂದ ಕೆಂಪವ್ವನ ಅಣ್ಣ ಬಾಳು ಬಂದು ತಾರವ್ವನನ್ನು ಕರೆದುಕೊಂಡು ಹೋಗುವುದು. ಕೂಸು ಅಲ್ಲೇ ಬೆಳೆಯಲಿ, ಅಲ್ಲೇ ದೊಡ್ಡದಾಗಲಿ. ಕೆಂಪವ್ವನನ್ನು ಯಾರೂ ಕೇಳಲಿಲ್ಲ.

ಹೇಳಬೇಕಾದವನು ತಾನು ಅನ್ನುವುದು ಜಕ್ಕಪ್ಪನಿಗೆ ಗೊತ್ತಿತ್ತು. ಹೇಳಿದರೆ ಕೂಸು ಮನೆಯಲ್ಲಿ ಉಳಿಯುತ್ತದೆ ಅನ್ನುವುದೂ ಗೊತ್ತಿತ್ತು. ಬೆಳಗಾದರೆ ಇವತ್ತು ಹೇಳೋಣ ಅಂದುಕೊಂಡು ಗುಡ್ಡ ಇಳಿಯುವನು, ಉಂಡು, ಮತ್ತೆ ಗುಡ್ಡ ಹತ್ತುವನು. ಹೆದರಿಕೆಯೋ ನಾಚಿಕೆಯೋ ಆಗಿದ್ದರೆ ಅದರೊಂದಿಗೆ ಗುದ್ದಾಡಬಹುದಿತ್ತು. ಅವನೊಳಗೆ ಏನೂ ಇರಲಿಲ್ಲ. ಜೋಮು ಹಿಡಿದ ಕಾಲನ್ನು ಎತ್ತಿಡು ಅಂದರೆ ಹೇಗೆ ಎತ್ತಿಟ್ಟಾನು?

ಅಮಾವಾಸ್ಯೆಗೆ ಮೂರು ದಿನವಿದ್ದಾಗ ಜ್ಞಾನದೇವರು ಉಳಿದ ಕುರಿಗಳನ್ನು ನೋಡಲು ಗುಡ್ಡಕ್ಕೆ ಬಂದರು. ಸೈಕಲ್ಲನ್ನು ಬೇವಿನ ಗಿಡಕ್ಕೆ ಆನಿಸಿ, ಕುರಿಗಳ ಬಾಯಿ ಬಿಡಿಸಿ ನೋಡಿ, ಜಕ್ಕಪ್ಪ ಕಾಸಿಕೊಟ್ಟ ಚಹಾ ಹಿಡಿದು ಕೂತರು.

"ಇಲ್ಲಿ ಎರಡು ಟಗರಿದ್ದುವಲ್ಲೋ, ಕೋಡು ಸುತ್ತಿದ್ದುವು?"

"ಸತ್ತುವ್ರಿ."

"ಎಲ್ಲಿ ಸತ್ತುವು?"

ಜಕ್ಕಪ್ಪ ತನ್ನ ಚಹಾದ ಬಸಿಯನ್ನು ನೆಲಕ್ಕಿಟ್ಟ. ಜ್ಞಾನದೇವರು ಉತ್ತರಕ್ಕೆ ಕಾಯಲಿಲ್ಲ. ಕೆಳಗಿನ ಕುಣಿ ಅವರೂ ನೋಡಿದ್ದರು. ಮುಚ್ಚುವ ಮೊದಲು ನೋಡಿದ್ದರು.

"ನಿನಗೊಂದು ಕಥಿ ಹೇಳ್ತೀನಿ, ಕುರಿದಽ," ಅಂದರು. "ಯೆಹೂದ್ಯರ ಹಳೆ ಗ್ರಂಥದಾಗ ಬರತೈತಿ. ಅವರಿಗೆ ಮೊದಲು ರಾಜ ಇರಲಿಲ್ಲ. ಕಳಕೊಂಡ ಕತ್ತೆ ಹುಡಕ್ಕೋಂತ ಹೋಗಿದ್ದ ಒಬ್ಬ ಹುಡುಗನ್ನ ಹಿಡದು ದೇವರು ರಾಜನ್ನ ಮಾಡಿದ. ಮುಂದ ಒಂದು ಲಡಾಯಿ ಬಂತು. ದೇವರಂದ: ಆ ವೈರಿದೇನೂ ನಿನಗ ಬ್ಯಾಡ. ಎಲ್ಲಾ ನಂದು. ಕುರಿ ಸೈತ ಇಟ್ಕೋಬ್ಯಾಡ. ಈ ರಾಜ ಗೆದ್ದ. ಬಡಕಲ ಕುರಿ ಎಲ್ಲಾ ಕಡದು ಹಾಕಿದ. ಚೊಲೋ ಚೊಲೋ ಟಗರು ಇಟ್ಕೊಂಡ."

ಜಕ್ಕಪ್ಪ ತನ್ನ ಕುರಿಗಳ ಕಡೆ ನೋಡುತ್ತ ಕೂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಾದರೂ ಬೇಕು. ಇವನು ಕೈಯನ್ನೂ ಎತ್ತಲಿಲ್ಲ.

"ಮರುದಿನ ದೇವರ ಮಾತು ಹೇಳೂ ಮುದುಕ ಬಂದ. ರಾಜ ಎದುರು ಹೋಗಿ, ದೇವರು ಹೇಳಿದ್ದೆಲ್ಲಾ ಮಾಡೀನ್ರೆಪಾ ಅಂದ. ಮುದುಕ ಕೇಳಿದ, ಹಂಗಾದ್ರ ಕುರಿ ಒದರೂದು ಎಲ್ಲಿಂದ ಕೇಳಾಕತ್ತೈತಿ? ಆಗ ರಾಜ ಅಂತಾನ, ಅವು ದೇವರಿಗೆ ಕೊಡಾಕ ಇಟ್ಟೀನ್ರಿ, ಮಂದಿ ಇಡಸಿದ್ರು. ಸಿಕ್ಕಬಿದ್ದ ಮ್ಯಾಲೂ ಪೂರಾ ಹೇಳವಲ್ಲ ಮಗಾ! ದೇವರು ಅಂವನ ಗಾದಿ ಕಸಗೊಂಡ."

ಜಕ್ಕಪ್ಪ ಕೇಳಿದ: "ಕುರಿ ಏನು ತಪ್ಪು ಮಾಡಿದ್ದುವ್ರಿ, ಸಾಹೇಬ್ರ?"

ಜ್ಞಾನದೇವರು ಲೋಟ ಬಗ್ಗಿಸಿ ಚಹಾದ ಗಷ್ಟು ಚೆಲ್ಲಿದರು. "ನಲವತ್ತು ವರ್ಷ ಆತು, ನಾನೂ ಅದನ್ನಽ ಕೇಳಾಕತ್ತೀನಿ. ನನಗ ಉತ್ತರ ಸಿಕ್ಕಿಲ್ಲ. ಅಂವನ ಹಿಂದ ಬಂದ ರಾಜನೂ ಇದನ್ನಽ ಕೇಳಿದ. ಅಂವ ಹುಟ್ಟಾ ಕುರುಬ. ಒಂದ್ಸಲ ಅಂವ ತಪ್ಪು ಮಾಡಿದ, ಬ್ಯಾನಿ ಬಂದದ್ದು ಊರಿಗೆ. ಮಂದಿ ಸಾಯಾಕತ್ತಿದ್ರು. ಆಗ ಅಂವ ದೇವರ ಮುಂದ ನಿಂತು, ತಪ್ಪು ನಂದು, ಈ ಕುರಿ ಏನು ಮಾಡ್ಯಾವ, ಹೊಡಿಯೂದಿದ್ರ ನನ್ನ ಹೊಡಿ ಅಂದ."

"ಹೊಡದನೇನ್ರಿ?"

"ಇಲ್ಲ. ಬ್ಯಾನಿ ನಿಂತ್ತು." ಅವರು ಎದ್ದು ಧೋತರ ಕೊಡವಿಕೊಂಡು ಸೈಕಲ್ ಹಿಡಿದರು.

ಅಮಾವಾಸ್ಯೆಯ ದಿನ ಹೊತ್ತು ಹುಟ್ಟುವಾಗ ಭೀಮಸಿ ಹಳ್ಳದಲ್ಲಿ ಮಿಂದು, ಒದ್ದೆ ಧೋತರದಲ್ಲೇ ಮನೆಯ ಮುಂದೆ ಬೋರಲು ಮಲಗಿದ. ಕೈ ಚಾಚಿ ಬೇವಿನ ಕಡ್ಡಿಯಿಂದ ನೆಲಕ್ಕೆ ಗೆರೆ ಎಳೆದ, ಎದ್ದ, ಗೆರೆಯ ಮೇಲೆ ಬಂದು ನಿಂತು ಮತ್ತೆ ಮಲಗಿದ. ದೀಡ ನಮಸ್ಕಾರ ಅಂದರೆ ಇಷ್ಟೇ, ದಾರಿಯನ್ನೆಲ್ಲ ಮೈಯಿಂದ ಅಳೆಯುವುದು. ಗುಡಿ ಒಂದು ಹರದಾರಿ ದೂರ. ಜಕ್ಕಪ್ಪ ಕೊಡ ಹೊತ್ತು ಪಕ್ಕದಲ್ಲಿ ನಡೆದ. ಮೈ ಒಣಗಿದಾಗೊಮ್ಮೆ ತಮ್ಮನ ಬೆನ್ನಿಗೆ ನೀರು ಹಾಕುವುದು ಅವನ ಕೆಲಸ. ಹಿಂದೆ ಮಲಕವ್ವ, ಕೆಂಪವ್ವ, ಕೂಸು, ಓಣಿಯ ಹತ್ತಾರು ಮಂದಿ. ಬಿಸಿಲೇರುತ್ತಿದ್ದಂತೆ ಭೀಮಸಿಯ ಮೊಳಕೈ, ಮೊಳಕಾಲಿನ ತೊಗಲು ಎದ್ದಿತು. ಜಕ್ಕಪ್ಪ ನೀರು ಹಾಕಿದ. ರಕ್ತ ನೀರಿನೊಂದಿಗೆ ಮಣ್ಣಿಗೆ ಇಳಿಯುವುದನ್ನು ಯಾರದೋ ಹೊಲಕ್ಕೆ ನೀರು ಹಾಯುವುದನ್ನು ನೋಡುವಂತೆ ನೋಡಿದ.

ಅರ್ಧ ದಾರಿಯಲ್ಲಿ ತಾರವ್ವ ತಾಯಿಯ ಕೈ ಬಿಡಿಸಿಕೊಂಡು ಓಡಿಬಂದಳು. ಅಪ್ಪನ ಹಣೆಗೆ ಮೆತ್ತಿದ್ದ ಮಣ್ಣನ್ನು ಒರೆಸಲು ಪರಕಾರದ ಚುಂಗು ಹಿಡಿದು ಬಗ್ಗಿದಳು. ಭೀಮಸಿ ಮುಖವನ್ನು ಆ ಕಡೆ ತಿರುಗಿಸಿದ. ಕೂಸು ಈ ಕಡೆಯಿಂದ ಆ ಕಡೆಗೆ ಹೋಯಿತು. ಅವನು ಮತ್ತೆ ಈ ಕಡೆ ತಿರುಗಿಸಿದ. ಕೂಸಿಗೆ ಅದು ಆಟವಿರಬೇಕು ಅನ್ನಿಸಿ ನಕ್ಕಿತು. ಆಮೇಲೆ ಅಪ್ಪ ನಗದೆ ಇದ್ದುದನ್ನು ಕಂಡು ಸುಮ್ಮನೆ ನಿಂತಿತು. ಜಕ್ಕಪ್ಪ ಗುಡಿ ಮುಟ್ಟುವವರೆಗೆ ಆ ಕೂಸಿನ ಮುಖವನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಗುಡಿಯ ಮುಂದೆ ಮುರಗೆಪ್ಪನ ಮೈಯಲ್ಲಿ ದೇವರು ತುಂಬಿತ್ತು. ಡೊಳ್ಳು ನಿಂತಿತು. ಭೀಮಸಿ ಕಟ್ಟೆಗೆ ತಲೆ ಹಚ್ಚಿ ಬಿದ್ದುಕೊಂಡ. ಆಗ ಜಕ್ಕಪ್ಪ ಕೊಡ ಇಳಿಸಿ ಮುಂದೆ ಬಂದ.

"ಎಪ್ಪಾ, ತಪ್ಪು ನನ್ನ ತಮ್ಮಂದಲ್ಲ, ನಂದು," ಅಂದ. ದನಿ ಸಂತೆಯಲ್ಲಿ ಕುರಿಯ ಗುರುತು ಹೇಳುವವನ ದನಿಯಂತಿತ್ತು. "ಹೊರಗ ಬಿಡಬ್ಯಾಡ ಅಂದಿದ್ದಿ. ಎರಡು ಟಗರು ತಗೊಂಡು ಹೋಗಿ ಇಂವನ ಹಟ್ಟಿಗೆ ಬಿಟ್ಟೆ. ರಾಯಬಾಗದಾಗ ಇದ್ದುವಂತ ಸುಳ್ಳ ಹೇಳಿದೆ. ಚೊಲೋ ಅದಾವಂತ ತಿಳದು ಬಿಟ್ಟೆ. ಹೊಡಿಯೂದಿದ್ರ ನನ್ನ ಹೊಡಿ. ಕೂಸಿಂದೇನೂ ಇಲ್ಲ."

ಮುರಗೆಪ್ಪ ಅವನ ಸುತ್ತ ಒಂದು ಸುತ್ತು ಬಂದ. ಆಮೇಲೆ ಎರಡೂ ಕೈ ತುಂಬ ಭಂಡಾರ ಎತ್ತಿ ಅವನ ನೆತ್ತಿಗೆ ಸುರಿದ.

"ಮೆಚ್ಚಿದೆ ಮಗನ! ತಮ್ಮನ ಪಾಪಾ ಹೊರಾಕ ಹೆಗಲು ಕೊಟ್ಟಿ! ಇಂಥಾ ಅಣ್ಣನ್ನ ನಾ ಕಂಡಿಲ್ಲ. ತಮ್ಮನ ತಪ್ಪು ಮಾಫಿ! ಹೋಗು!"

ಡೊಳ್ಳು ಮತ್ತೆ ಬಿತ್ತು. ಮುದುಕಿಯರು ನೆಟಿಕೆ ಮುರಿದರು. ಅಣ್ಣ ಅಂದರೆ ಹಿಂಗಿರಬೇಕು ನೋಡ್ರೆವ್ವಾ ಅಂತ ಒಬ್ಬಳು ಕಣ್ಣೊರೆಸಿಕೊಂಡಳು. ಭೀಮಸಿ ತೊಗಲೆದ್ದ ಕೈಗಳಿಂದ ಅಣ್ಣನ ಕಾಲು ಹಿಡಿದು ಬಿಕ್ಕಿ ಬಿಕ್ಕಿ ಅತ್ತ. ಜಕ್ಕಪ್ಪ ತಲೆಯಿಂದ ಕಾಲಿನವರೆಗೆ ಹಳದಿಯಾಗಿ ನಿಂತಿದ್ದ. ಕೇಳಿದ್ದು ಏಟು, ಸಿಕ್ಕಿದ್ದು ಶಹಬ್ಬಾಸ್. ಮಾತು ಮೀರಿದವನು ಯಾರು ಅಂತ ಮಾತು ಹೇಳಿದ ದೇವರಿಗೇ ಗೊತ್ತಿಲ್ಲದಿದ್ದರೆ ಇನ್ನು ಯಾರನ್ನು ಕೇಳುವುದು? ಅವನಿಗೆ ಸಿಟ್ಟೂ ಬರಲಿಲ್ಲ. ಕೊಡ ಎತ್ತಿಕೊಂಡು ಮನೆಗೆ ಬಂದ.

ದೇವರು ಮಾಫಿ ಅಂದರೂ ಕೂಸಿನ ಹೆಸರು ಅಳಿಯಲಿಲ್ಲ. ಮಾಫಿ ಆಯಿತು ಅಂದರೆ ತಪ್ಪು ಆಗಿದ್ದು ಖರೆ ಅಂತಲೇ ಆಯಿತಲ್ಲ. ಬರುವ ಐತವಾರ ಬಾಳು ಬರುತ್ತಾನೆ ಅಂತ ಕಾಗವಾಡದಿಂದ ಸುದ್ದಿಯೂ ಬಂತು.

ಮರುದಿನ ಯುಗಾದಿ. ಮಧ್ಯಾಹ್ನ ಕೆಂಪವ್ವ ರೊಟ್ಟಿಯ ಗಂಟು ತೆಗೆದುಕೊಂಡು, ಕೂಸನ್ನು ಬಗಲಲ್ಲಿ ಎತ್ತಿಕೊಂಡು ಗುಡ್ಡದ ಹಟ್ಟಿಗೆ ಬಂದಳು. ಆ ಮನೆಗೆ ಬಂದು ಒಂಬತ್ತು ವರ್ಷವಾಗಿತ್ತು. ಒಂದು ದಿನವೂ ಭಾವನ ಮುಖ ನೋಡಿ ಮಾತಾಡಿದವಳಲ್ಲ. ಹೇಳುವುದೇನಾದರೂ ಇದ್ದರೆ ಸೆರಗೆಳೆದುಕೊಂಡು ಗೋಡೆಗೆ ಹೇಳುತ್ತಿದ್ದಳು. ಇವತ್ತು ಸೆರಗು ಹೆಗಲ ಮೇಲಿತ್ತು.

"ಭಾವಾರ, ನಿನ್ನೆ ಅಂದದ್ದು ಖರೆ ಏನ್ರಿ?"

"ಖರೆ."

ಕೆಂಪವ್ವ ಕೂಸನ್ನು ಕೆಳಗಿಳಿಸಿದಳು. ಅದು ಮರಿಗಳ ಕಡೆ ಓಡಿತು.

"ನಾ ನಂಬತೀನಿ," ಅಂದಳು. "ತಮ್ಮನ ಪಾಪಾ ಹೊರಾವ್ರ ಮುಖಾ ಹಿಂಗಿರಾಂಗಿಲ್ಲ. ನನಗ ಬೈಯಾಕ ಬರಾಂಗಿಲ್ಲ, ಬೈಯೂದಿಲ್ಲ. ಐತವಾರ ನಮ್ಮಣ್ಣ ಬರತಾನ. ಅಷ್ಟರಾಗ ನಿಮ್ಮ ತಮ್ಮ ನಂಬಬೇಕು. ದಿನಾ ಬರ್ರಿ, ದಿನಾ ಹೇಳ್ರಿ. ನಂಬೂತನಾ ಹೇಳ್ರಿ. ನನ್ನ ಮಗಳು ಏನೂ ನುಂಗಿಲ್ಲ."

ಕೂಸನ್ನು ಕರೆದು ಮತ್ತೆ ಬಗಲಿಗೆ ಎತ್ತಿಕೊಂಡಳು. ಬೀರಪ್ಪ ಕೊಡದ ಶಿಕ್ಷೆಯನ್ನು ಅವಳು ಕೊಟ್ಟು ಗುಡ್ಡ ಇಳಿದಳು.

ಸೋಮವಾರ ಜಕ್ಕಪ್ಪ ಹೇಳಿದ. "ಬಿಡೋ ಅಣ್ಣಾ, ನಿನ್ನ ಮನಸು ನನಗ ಗೊತ್ತಿಲ್ಲೇನು?" ಅಂದು ಭೀಮಸಿ ಅವನ ಕೈ ಹಿಡಿದುಕೊಂಡ. ಮಂಗಳವಾರ ಹೇಳಿದ, ಭೀಮಸಿ ಅತ್ತ. ಬುಧವಾರ ಮಲಕವ್ವನೇ ಸಿಟ್ಟಾದಳು: "ದೇವರಽ ಹೇಳೇತಿ. ದೇವರನ್ನ ಸುಳ್ಳ ಮಾಡ್ತೀಯೇನೋ?" ಗುರುವಾರ ಭೀಮಸಿಯೂ ಸಿಡುಕಿದ.

"ನಾ ಮಾಡಿದ್ದಕ್ಕ ನಾ ಅನುಭವಿಸೀನಿ ಅಂದ್ರ ಎದಿಗೆ ಒಂದೀಟು ಸಮಾಧಾನ ಐತಿ ಅಣ್ಣಾ. ಅದನ್ನೂ ಕಸಗೋಬ್ಯಾಡ. ಯಾರೋ ಮಾಡಿದ್ದಕ್ಕ ನನ್ನ ಹಟ್ಟಿ ಹೋಗಿದ್ರ ನಾ ಯಾವ ದೇವರಿಗೆ ಕೈ ಮುಗಿಯಲಿ?"

ಶುಕ್ರವಾರವೂ ಶನಿವಾರವೂ ಹೇಳಿದ. ಅವವೇ ಮಾತು, ಅದೇ ದನಿ. ಬಾಯಿಪಾಠ ಒಪ್ಪಿಸುವ ಶಾಲೆಯ ಹುಡುಗನಂತೆ ಹೇಳುವನು, ಏಳುವನು. ನಂಬಲು ಅದರಲ್ಲಿ ಏನೂ ಇರಲಿಲ್ಲ.

ಐತವಾರ ಮುಂಜಾನೆ ಕೆಂಪವ್ವ ಮಗಳಿಗೆ ಎಣ್ಣೆ ಹಚ್ಚಿ ಜಡೆ ಹಾಕಿದಳು. ಪರಕಾರ, ಕುಬಸ, ಒಂದು ಸಣ್ಣ ಕೌದಿ ಸೇರಿಸಿ ಕಟ್ಟಿದ ಗಂಟು ಬಾಗಿಲಲ್ಲಿತ್ತು. ಭೀಮಸಿ ಗೋಡೆಯ ಕಡೆ ಮುಖ ಮಾಡಿ ರೊಟ್ಟಿ ಮುರಿಯುತ್ತಿದ್ದ. ಜಕ್ಕಪ್ಪ ಬಂದು ಎದುರಿಗೆ ಕೂತ. ಎರಡು ಟಗರು ನಾನೇ ಬಿಟ್ಟೆ ಅಂದ. ರಾಯಬಾಗದ ಮಾತು ಸುಳ್ಳು ಅಂದ. ಚೊಲೋ ಅದಾವಂತ ತಿಳಿದು ಬಿಟ್ಟೆ ಅಂದ. ಅಲ್ಲಿಗೆ ನಿಂತ. ಬಾಗಿಲಲ್ಲಿ ತಾರವ್ವ ತನ್ನ ಗಂಟಿನ ಮೇಲೆ ಕುದುರೆಯ ಮೇಲೆ ಕೂತಂತೆ ಕೂತಿದ್ದಳು.

"ಅದೂ ಸುಳ್ಳ," ಅಂದ ಜಕ್ಕಪ್ಪ.

ಈ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. ಗುಡಿಯಲ್ಲಿ ಹೇಳಿರಲಿಲ್ಲ, ಕೆಂಪವ್ವನಿಗೆ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ.

"ಸಣ್ಣ ಟಗರಿಂದು ಅವತ್ತ ಮುಂಜಾನಿಗೇ ಮೂಗು ಸುರಿಯಾಕತ್ತಿತ್ತು. ನನ್ನ ರುಮಾಲಿನ ಚುಂಗಿಲೆ ವರಸಿದೆ. ಹಳ್ಳದ ತಿರುವಿನ್ಯಾಗ ಮತ್ತ ಸುರೀತು, ಮತ್ತ ವರಸಿದೆ. ಹಸಿ ಕಾಣಬಾರ್ದಂತ ಮೂಗಿಗೆ ಮಣ್ಣ ತಿಕ್ಕಿದೆ. ಆಮ್ಯಾಲೆ ನಿನ್ನ ಕೈಯಾಗ ಹಗ್ಗಾ ಕೊಟ್ಟೆ. ನನಗ ಗೊತ್ತಿತ್ತು. ನನ್ನ ಹಟ್ಟ್ಯಾಗ ಇದ್ರ ಸಾಯತಾವ, ಇಲ್ಲಿ ಬದುಕಿದ್ರ ಬದುಕಲಿ ಅಂದೆ."

ಭೀಮಸಿಯ ಕೈ ರೊಟ್ಟಿಯ ಮೇಲೆ ನಿಂತಿತು.

"ನನ್ನ ಕುರಿ?" ಅಂದ.

"ನೆನಸಲಿಲ್ಲ."

ಒಲೆಯ ಮುಂದೆ ಕೆಂಪವ್ವ ನಿಂತಲ್ಲೇ ನಿಂತಳು. ಮಲಕವ್ವ ಬಾಯಿಗೆ ಸೆರಗು ಹಿಡಿದಳು. ಭೀಮಸಿ ಅಣ್ಣನ ಮುಖವನ್ನು ನೋಡಲಿಲ್ಲ, ತಲೆಯ ಮೇಲಿನ ರುಮಾಲನ್ನು ನೋಡಿದ.

"ಹಸಿ ಇತ್ತು," ಅಂದ ನಿಧಾನಕ್ಕೆ. "ಹಗ್ಗಾ ಇಸಗೊಳ್ಳುವಾಗ ನಿನ್ನ ರುಮಾಲಿನ ಚುಂಗು ನನ್ನ ಕೈಗೆ ತಾಕಿತ್ತು. ಹಳ್ಳದಾಗ ಮುಖಾ ತೊಳಕೊಂಡು ಬಂದಾನ ಅನ್ಕೊಂಡೆ."

ಅವನು ಗಂಗಾಳದಲ್ಲೇ ಕೈ ತೊಳೆದ, ಧೋತರಕ್ಕೆ ಒರೆಸಿಕೊಂಡ, ಬಾಗಿಲ ಕಡೆ ತಿರುಗಿದ.

"ತಾರಾ, ಬಾ ಇಲ್ಲೆ."

ಕೂಸು ಬರಲಿಲ್ಲ. ಗಂಟಿನಿಂದ ಇಳಿದು ತಾಯಿಯ ಹಿಂದೆ ಹೋಗಿ ನಿಂತಿತು. ಒಂದು ತಿಂಗಳು ಬಹಳ ದಿನ, ಐದು ವರ್ಷದವರಿಗೆ. ಭೀಮಸಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮೊಳಕೈಯ ಗಾಯ ಇನ್ನೂ ಕಪ್ಪಾಗಿತ್ತು. ಕೂಸು ಆ ಗಾಯವನ್ನೇ ನೋಡುತ್ತ ಒಂದು ಹೆಜ್ಜೆ ಬಂತು, ಇನ್ನೊಂದು ಹೆಜ್ಜೆ ಬಂತು, ಬೆರಳಿನಿಂದ ಮುಟ್ಟಿ ನೋಡಿತು. ಅವನು ಅದನ್ನು ಎಳೆದು ಎದೆಗೆ ಒತ್ತಿಕೊಂಡು, ಎಣ್ಣೆ ಹಚ್ಚಿದ ತಲೆಯೊಳಗೆ ಮುಖ ಹುದುಗಿಸಿದ.

ಹಾಗೆ ಹುದುಗಿಸಿಕೊಂಡೇ ಹೇಳಿದ: "ಅಣ್ಣಾ, ಇನ್ನ ಹೇಳಾಕ ಬರಬ್ಯಾಡ. ನಂಬೀನಿ."

ಜಕ್ಕಪ್ಪ ಎದ್ದ. ಯಾರೂ ಕೂತುಕೋ ಅನ್ನಲಿಲ್ಲ, ಯಾರೂ ಉಂಡು ಹೋಗು ಅನ್ನಲಿಲ್ಲ. ಅವನು ಹೊಸ್ತಿಲು ದಾಟುವಾಗ ಕೆಂಪವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಹಳ್ಳದ ಹತ್ತಿರ ಬಾಳು ಎದುರಾದ. ಬಸ್ಸಿಳಿದು ಬರುತ್ತಿದ್ದ, ಕೈಯಲ್ಲಿ ಕೂಸಿಗೆ ಅಂತ ತಂದ ಬೆಂಡು ಬತ್ತಾಸಿನ ಪುಡಿಕೆ.

"ಶರಣ್ರಿ. ಕೂಸು ತಯಾರ ಐತೇನ್ರಿ?"

"ಕೂಸು ಬರಾಂಗಿಲ್ಲಪಾ," ಅಂದ ಜಕ್ಕಪ್ಪ. "ಅವರಪ್ಪ ಕಳಸಾಂಗಿಲ್ಲ. ನೀ ಹೋಗು, ಚಾ ಕುಡದು..."

ಮಾತು ಅಲ್ಲಿಯೇ ಒಡೆಯಿತು. ಎರಡು ತಿಂಗಳಿನಿಂದ ಎಲ್ಲಿ ನಿಂತಿತ್ತೋ ಆ ಅಳು, ಒಮ್ಮೆಲೇ ಬಂತು. ದಾರಿಯ ಬದಿಗೆ ಕುಸಿದು, ಮೊಳಕಾಲು ತಬ್ಬಿಕೊಂಡು, ಊರಿಗೆ ಕೇಳಿಸುವಂತೆ ಅತ್ತ. ಟಗರುಗಳಿಗೆ ಅತ್ತನೋ, ಎಂಬತ್ತೆರಡು ಕುರಿಗಳಿಗೆ ಅತ್ತನೋ, ಇನ್ನೆಂದೂ ತನ್ನನ್ನು ಹಾಗೆ ಅಣ್ಣಾ ಅನ್ನದ ತಮ್ಮನಿಗೆ ಅತ್ತನೋ, ಅವನಿಗೂ ತಿಳಿಯದು. ಬಾಳು ಪುಡಿಕೆ ಹಿಡಿದುಕೊಂಡು ನಿಂತೇ ಇದ್ದ.